‘ಕೋರ್ಟ್ ಸ್ಟೇ ಐತಿ’ ಅಂತಾರೆ, ನಿಜಾನಾ? ನಿಂತುಹೋದ ಪಂಚಾಯಿತಿ ಚುನಾವಣೆ ಬಗ್ಗೆ ಹಾನಗಲ್ ಓದುಗರ ಪ್ರಶ್ನೆ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನವಳು. ಊರಲ್ಲಿ ಸ್ತ್ರೀಶಕ್ತಿ ಸಂಘ ನಡೆಸುತ್ತೇನೆ. 2021ರಲ್ಲಿ ತಾಲ್ಲೂಕು ಪಂಚಾಯಿತಿ ಮೀಸಲಾತಿಯ ಕರಡು ಪಟ್ಟಿ ಬಂದಾಗ ನಮ್ಮ ಕ್ಷೇತ್ರ ಸಾಮಾನ್ಯ ಮಹಿಳೆ ಅಂತ ಇತ್ತು. ನಿಲ್ಲಬೇಕು ಅಂತ ಓಡಾಡಿದೆ, ಸ್ವಲ್ಪ ಖರ್ಚೂ ಮಾಡಿದೆ. ಆಮೇಲೆ ಎಲೆಕ್ಷನ್ ಸುದ್ದಿಯೇ ಇಲ್ಲ. ಕೇಳಿದರೆ ಎಲ್ಲರೂ ‘ಕೋರ್ಟ್ ಸ್ಟೇ ಐತ್ರಿ’ ಅಂತಾರೆ. ಕೆಲವರು ‘ಮೆಂಬರ್ ಇಲ್ಲದೇ ಚೊಲೋ ನಡದೈತಿ, ನಳ ಬಂತು, ರಸ್ತೆ ಆತು’ ಅಂತಾರೆ. ನಮ್ಮ ಅಣ್ಣ ಧಾರವಾಡ ಹೈಕೋರ್ಟಿನಲ್ಲಿ ಕೇಸ್ ಹಾಕೋಣ ಅನ್ನುತ್ತಿದ್ದಾನೆ. ನಿಜವಾಗಿ ತಡೆದವರು ಯಾರು? ಚುನಾವಣೆ ಇಲ್ಲದಿದ್ದರೆ ನಮಗೆ ಏನು ನಷ್ಟ? ಕೇಸ್ ಹಾಕಿದರೆ ಉಪಯೋಗ ಆಗುತ್ತಾ, ಇಲ್ಲಾ ನಾವೇ ಸಿಕ್ಕಿಹಾಕಿಕೊಳ್ಳುತ್ತೇವಾ?

ಉತ್ತರ: ಮೊದಲು ನಿಮ್ಮ ಖರ್ಚಿಗೆ ಸಂಬಂಧಿಸಿದ ಮಾತು ಹೇಳಿಬಿಡುತ್ತೇನೆ. 2021ರ ಆ ಕರಡು ಪಟ್ಟಿ ಈಗ ಲೆಕ್ಕಕ್ಕಿಲ್ಲ. ಅದನ್ನು ನಂಬಿ ಇನ್ನು ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಕ್ಷೇತ್ರದ ಗಡಿ ಬದಲಾದರೆ ಮೀಸಲಾತಿಯನ್ನೂ ಹೊಸದಾಗಿ ಹಾಕಬೇಕಾಗುತ್ತದೆ. ನಿಮ್ಮ ಕ್ಷೇತ್ರ ಮತ್ತೆ ಮಹಿಳೆಗೆ ಬರಬಹುದು, ಬಾರದೆಯೂ ಇರಬಹುದು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಹಾಗಾಗಿ ಅವಕಾಶ ಕಡಿಮೆ ಏನಲ್ಲ. ಆದರೆ ಖಾತ್ರಿ ಇಲ್ಲ.

ಇನ್ನು ‘ಸ್ಟೇ’ ವಿಷಯ. ಧಾರವಾಡ, ಗದಗ, ಹಾವೇರಿ, ಎಲ್ಲಿ ಹೋದರೂ ನಾನು ಕೇಳುವ ಮಾತು ಇದೇ. ಕಾಲೇಜು ಅಧ್ಯಾಪಕರೂ ಹೀಗೇ ಅನ್ನುತ್ತಾರೆ. ಈ ಮಾತಿಗೆ ಬುಡ ಇಲ್ಲ ಅಂತಲ್ಲ. 2020ರ ಡಿಸೆಂಬರಿನಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಬೇಗ ಚುನಾವಣೆ ಮಾಡಿ ಎಂದು ಹೈಕೋರ್ಟ್ ಹೇಳಿತ್ತು. ಆ ಆದೇಶಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಟಿವಿಯಲ್ಲಿ ದಿನಗಟ್ಟಲೆ ಅದೇ ಓಡಿತು. ಬೆಂಗಳೂರಿನ ಆ ಸ್ಟೇ ನಮ್ಮೂರಿನ ಜಿಲ್ಲಾ ಪಂಚಾಯಿತಿಗೂ ಅಂಟಿಕೊಂಡುಬಿಟ್ಟಿದೆ, ಅಷ್ಟೇ.

ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಕಥೆ ಬೇರೆ. ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಐದು ವರ್ಷದ ಅವಧಿ 2021ರ ಬೇಸಿಗೆಗೆ ಮುಗಿಯಿತು. ರಾಜ್ಯ ಚುನಾವಣಾ ಆಯೋಗ ಅಷ್ಟರಲ್ಲಿ ಕೆಲಸ ಶುರು ಮಾಡಿತ್ತು. ನೀವು ನೋಡಿದ ಕರಡು ಪಟ್ಟಿ ಆಯೋಗದ್ದೇ. ಅದೇ ವರ್ಷ ವಿಧಾನಮಂಡಲ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದಿತು. ಕ್ಷೇತ್ರ ಪುನರ್ವಿಂಗಡಣೆ ಮಾಡುವ, ಅಂದರೆ ಕ್ಷೇತ್ರಗಳ ಗಡಿ ಹೊಸದಾಗಿ ಹಾಕುವ, ಅಧಿಕಾರ ಚುನಾವಣಾ ಆಯೋಗದ ಕೈಯಿಂದ ಹೋಯಿತು. ಅದಕ್ಕೆಂದೇ ಪ್ರತ್ಯೇಕ ಆಯೋಗ ಬಂತು. ಆಗಿದ್ದ ಕರಡೆಲ್ಲ ಬಿದ್ದುಹೋಯಿತು, ಕೆಲಸ ಮೊದಲಿನಿಂದ ಶುರುವಾಯಿತು.

ಆಗ ಹೈಕೋರ್ಟಿಗೆ ಹೋದವರು ಯಾರು ಗೊತ್ತಾ? ಚುನಾವಣಾ ಆಯೋಗವೇ. ನಮ್ಮ ಅಧಿಕಾರ ಕಿತ್ತುಕೊಂಡಿದ್ದಾರೆ, ಚುನಾವಣೆ ಮಾಡಲು ಬಿಡುತ್ತಿಲ್ಲ ಎಂಬುದು ಅದರ ದೂರು. ಪುನರ್ವಿಂಗಡಣೆ, ಮೀಸಲಾತಿ ಮುಗಿಸಿ ಎಂದು ಕೋರ್ಟ್ ಸರ್ಕಾರಕ್ಕೆ ಸಮಯ ಕೊಡುತ್ತಾ ಹೋಯಿತು. ಮುಗಿಯದಿದ್ದಾಗ, 2022ರ ಡಿಸೆಂಬರಿನಲ್ಲಿ, ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಅಂದರೆ ನಿಮ್ಮೂರಲ್ಲಿ ‘ಕೋರ್ಟ್ ತಡೆದಿದೆ’ ಅನ್ನುತ್ತಿದ್ದ ಕಾಲಕ್ಕೆ ಕೋರ್ಟ್ ‘ಯಾಕೆ ಮಾಡಿಲ್ಲ’ ಎಂದು ಕೇಳುತ್ತಿತ್ತು.

ಇದು ಒಂದೇ ಪಕ್ಷದ ತಪ್ಪು ಅಂದುಕೊಳ್ಳಬೇಡಿ. ತಿದ್ದುಪಡಿ ಬಂದದ್ದು ಬಿಜೆಪಿ ಸರ್ಕಾರದಲ್ಲಿ. 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ ಬಂತು. ಅವಧಿ ಮುಗಿದು ನಾಲ್ಕು ವರ್ಷ ದಾಟಿದರೂ ಚುನಾವಣೆ ಆಗಲಿಲ್ಲ. ಇಬ್ಬರು ಎದುರಾಳಿಗಳು ಒಂದೇ ವಿಷಯದಲ್ಲಿ ತಡ ಮಾಡಿದರೆ, ಅಲ್ಲಿ ವ್ಯಕ್ತಿಯ ಗುಣಕ್ಕಿಂತ ವ್ಯವಸ್ಥೆಯ ಗುಣವನ್ನು ಹುಡುಕಬೇಕು. ರಾಜ್ಯಶಾಸ್ತ್ರ ಓದುವವರ ಅಭ್ಯಾಸ ಅದು.

ಆ ಗುಣ ಏನು? ವಿಧಾನಸಭೆ ಚುನಾವಣೆ ಹೀಗೆ ವರ್ಷಗಟ್ಟಲೆ ತಡ ಆಗಿದ್ದು ನೋಡಿದ್ದೀರಾ? ಇಲ್ಲ. ಅಲ್ಲಿ ಕ್ಷೇತ್ರದ ಗಡಿಯನ್ನು ಪ್ರತಿ ಸಲ ಬದಲಿಸುವುದಿಲ್ಲ, ಮೀಸಲಾತಿ ಪ್ರತಿ ಸಲ ತಿರುಗುವುದಿಲ್ಲ. ಚುನಾವಣೆ ನಡೆಸುವ ಆಯೋಗ ರಾಜ್ಯ ಸರ್ಕಾರದ ಕಡೆ ಕೈ ಚಾಚಬೇಕಾಗಿಲ್ಲ. ಪಂಚಾಯಿತಿಯಲ್ಲಿ ಎಲ್ಲ ಉಲ್ಟಾ. ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗದ ಕೆಲಸ. ಆದರೆ ಗಡಿಯ ಪಟ್ಟಿ, ಮೀಸಲಾತಿ ಪಟ್ಟಿ ಬರಬೇಕಾದದ್ದು ಸರ್ಕಾರದ ಕಡೆಯಿಂದ. ಬೀಗ ಒಬ್ಬರ ಹತ್ತಿರ, ಕೀಲಿ ಇನ್ನೊಬ್ಬರ ಹತ್ತಿರ ಇದ್ದ ಹಾಗೆ. ಕೀಲಿ ಕೊಡದಿದ್ದರೆ ಏನೂ ಆಗುವುದಿಲ್ಲ. ಯಾರ ಕುರ್ಚಿಯೂ ಹೋಗುವುದಿಲ್ಲ. 5 ಲಕ್ಷ ದಂಡವೂ ಸರ್ಕಾರದ ಖಜಾನೆಯಿಂದ, ಅಂದರೆ ನಮ್ಮ ದುಡ್ಡಿನಿಂದಲೇ ಹೋಗುತ್ತದೆ.

ಶಾಸಕರ ಲೆಕ್ಕಾಚಾರವೂ ಇದೆ. ಜಿಲ್ಲಾ ಪಂಚಾಯಿತಿಯಲ್ಲಿ ಹೆಸರು ಮಾಡಿದವರು ಮುಂದಿನ ಸಲ ವಿಧಾನಸಭೆ ಟಿಕೆಟ್ ಕೇಳುತ್ತಾರೆ. ಟಿಕೆಟ್ ಹಂಚುವಾಗ ಹತ್ತು ಜನ ಮುನಿಸಿಕೊಳ್ಳುತ್ತಾರೆ. ಸೋತರೆ ‘ಸರ್ಕಾರದ ವಿರುದ್ಧ ಅಲೆ’ ಅಂತ ಪತ್ರಿಕೆ ಬರೆಯುತ್ತದೆ. ಇದನ್ನೆಲ್ಲ ಯಾವ ಶಾಸಕರೂ ಮೈಕ್ ಮುಂದೆ ಹೇಳುವುದಿಲ್ಲ. ಚಹಾ ಕುಡಿಯುವಾಗ ಹೇಳುತ್ತಾರೆ.

ಹಳೆಯ ಉದಾಹರಣೆಯೂ ಇದೆ. 1983ರ ಕಾಯ್ದೆಯ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ 1987ರಲ್ಲಿ ಚುನಾವಣೆ ನಡೆಯಿತು. ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದ ಕಾಲ ಅದು. ದೇಶವೇ ತಿರುಗಿ ನೋಡಿತು. ಆ ಅವಧಿ 1992ರಲ್ಲಿ ಮುಗಿಯಿತು. ಮುಂದಿನ ಜಿಲ್ಲಾ ಮಟ್ಟದ ಚುನಾವಣೆ ನಡೆದದ್ದು 1995ರಲ್ಲಿ. ನಡುವೆ ಚುನಾಯಿತರ ಬದಲು ಸರ್ಕಾರ ಕೂರಿಸಿದ ಆಡಳಿತಾಧಿಕಾರಿಗಳು. ಆಗ ‘ಐದು ವರ್ಷಕ್ಕೆ ಮಾಡಲೇಬೇಕು’ ಎಂದು ಸಂವಿಧಾನದಲ್ಲಿ ಇರಲಿಲ್ಲ ಎಂಬ ಸಬೂಬಾದರೂ ಇತ್ತು. 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಮೇಲೆ ಅದೂ ಇಲ್ಲ. 243-ಇ ವಿಧಿ ನೇರವಾಗಿ ಹೇಳುತ್ತದೆ: ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು.

2006ರಲ್ಲಿ ಅಹಮದಾಬಾದ್ ಪಾಲಿಕೆಯ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಡಾಖಂಡಿತವಾಗಿ ಹೇಳಿತು. ವಾರ್ಡ್ ವಿಂಗಡಣೆಯಂಥ ಕಾರಣ ಕೊಟ್ಟು ಚುನಾವಣೆ ಮುಂದೆ ಹಾಕುವಂತಿಲ್ಲ ಎಂದಿತು. ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರಶ್ನೆ ಆಮೇಲೆ ಬಂತು. ಪ್ರತ್ಯೇಕ ಆಯೋಗ ಅಧ್ಯಯನ ಮಾಡಬೇಕು, ಆಯಾ ಸಂಸ್ಥೆಗೆ ತಕ್ಕ ಪ್ರಮಾಣ ಹೇಳಬೇಕು, ಒಟ್ಟು ಮೀಸಲಾತಿ ಶೇ 50 ದಾಟಬಾರದು ಎಂದು 2021ರ ಮಾರ್ಚಿನಲ್ಲಿ ಮಹಾರಾಷ್ಟ್ರದ ಪ್ರಕರಣದಲ್ಲಿ ತೀರ್ಪು ಬಂತು. ಈ ತೀರ್ಪನ್ನೇ ಎಷ್ಟೋ ಕಡೆ ತಡಕ್ಕೆ ನೆಪ ಮಾಡಿಕೊಂಡರು. 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ನೆಪವನ್ನೂ ಮುಚ್ಚಿತು. ಅಧ್ಯಯನ ಮುಗಿಯದಿದ್ದರೆ ಆ ಸ್ಥಾನಗಳನ್ನು ಸಾಮಾನ್ಯ ಎಂದು ಇಟ್ಟು ಚುನಾವಣೆ ಮಾಡಿ, ಕಾಯಬೇಡಿ ಎಂದಿತು. ಕರ್ನಾಟಕದಲ್ಲಿ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ 2022ರಲ್ಲೇ ವರದಿ ಕೊಟ್ಟಿತ್ತು. ಹಾಗಾಗಿ ಆ ಕಾರಣವೂ ಇಲ್ಲಿ ಬಹಳ ದಿನ ನಿಲ್ಲುವಂಥದ್ದಲ್ಲ.

ಈಗ ‘ಮೆಂಬರ್ ಇಲ್ಲದೇ ಚೊಲೋ ನಡದೈತಿ’ ಎಂಬ ಮಾತು. ಇದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಹೇಳುವವರು ಕಣ್ಣಾರೆ ಕಂಡದ್ದನ್ನು ಹೇಳುತ್ತಾರೆ. ಆದರೆ ಏನು ಯಾವುದರಿಂದ ಆಯಿತು ಅಂತ ಬಿಡಿಸಿ ನೋಡಬೇಕು. ಮನೆ ಮುಂದೆ ನಳ ಬಂದದ್ದು ಜಲಜೀವನ್ ಮಿಷನ್‌ನಿಂದ. ಅದು 2019ರ ಆಗಸ್ಟಿನಲ್ಲಿ ಘೋಷಣೆಯಾದ ಯೋಜನೆ. ಸದಸ್ಯರು ಇದ್ದಿದ್ದರೂ ಬರುತ್ತಿತ್ತು, ಇಲ್ಲದಿದ್ದರೂ ಬಂತು. ಅದರ ಪುಣ್ಯ ಆಡಳಿತಾಧಿಕಾರಿಯ ಖಾತೆಗೆ ಹೋಯಿತು, ಅಷ್ಟೇ.

ಆಯ್ಕೆಯಾದವರು ಇದ್ದರೆ ವ್ಯತ್ಯಾಸ ಆಗುತ್ತದೆಯೇ ಎಂಬುದನ್ನು ಅಳೆಯುವುದು ಕಷ್ಟ. ಅದಕ್ಕೇ ಮೀಸಲಾತಿ ತಿರುಗುವ ಪದ್ಧತಿ ಸಂಶೋಧಕರಿಗೆ ದೊಡ್ಡ ಉಪಕಾರ ಮಾಡಿತು. ಯಾವ ಪಂಚಾಯಿತಿ ಮಹಿಳೆಗೆ ಬರುತ್ತದೆ ಎಂಬುದು ಆ ಊರಿನ ಗುಣದ ಮೇಲೆ ನಿಂತಿಲ್ಲವಲ್ಲ. ಹಾಗಾಗಿ ಎರಡು ಬಗೆಯ ಊರುಗಳನ್ನು ನೇರವಾಗಿ ಹೋಲಿಸಬಹುದು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಪಶ್ಚಿಮ ಬಂಗಾಳ ಹಾಗೂ ರಾಜಸ್ಥಾನದಲ್ಲಿ ಇದನ್ನೇ ಮಾಡಿದರು. 2004ರಲ್ಲಿ ಅದು ಪ್ರಕಟವಾಯಿತು. ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಕಡೆ ಕುಡಿಯುವ ನೀರಿನ ಕೆಲಸ ಜಾಸ್ತಿ ಆಗಿತ್ತು. ಆ ಊರುಗಳ ಹೆಂಗಸರು ಹೆಚ್ಚು ದೂರುತ್ತಿದ್ದದ್ದೂ ನೀರಿನ ಬಗ್ಗೆಯೇ. ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂಬುದರಿಂದ ದುಡ್ಡು ಹೋಗುವ ದಾರಿ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಕಡಿಮೆ. ಆದರೆ ಅದು ಗ್ರಾಮ ಪಂಚಾಯಿತಿಯ ಅಧ್ಯಯನ. ತಾಲ್ಲೂಕು ಪಂಚಾಯಿತಿಗೆ ಹಾಗೇ ಎತ್ತಿ ಹಚ್ಚಬೇಡಿ.

ನಿಜ ಹೇಳಬೇಕೆಂದರೆ ಮೂರು ಹಂತಗಳಲ್ಲಿ ತಾಲ್ಲೂಕು ಪಂಚಾಯಿತಿಯೇ ಬಡವ. ಕೈಯಲ್ಲಿ ಸ್ವಂತ ದುಡ್ಡು ಕಡಿಮೆ, ತಾನೇ ತೀರ್ಮಾನಿಸುವ ಕೆಲಸ ಇನ್ನೂ ಕಡಿಮೆ. ‘ತಾಲ್ಲೂಕು ಪಂಚಾಯಿತಿ ಯಾಕೆ ಬೇಕು’ ಎಂದು ಮಂತ್ರಿಗಳೇ ಆಗಾಗ ಕೇಳಿದ್ದುಂಟು. ಸಂವಿಧಾನ ಬದಲಿಸದೆ ಅದನ್ನು ತೆಗೆಯಲು ಆಗುವುದಿಲ್ಲ. 20 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆ ಇರುವ ರಾಜ್ಯದಲ್ಲಿ ನಡುವಿನ ಹಂತ ಇರಲೇಬೇಕು. ನೀವು ನಿಲ್ಲುವುದಾದರೆ ಇದನ್ನು ತಿಳಿದುಕೊಂಡೇ ನಿಲ್ಲಿ.

ನಷ್ಟ ಎಲ್ಲಿ ಅಂದರೆ, ಕಣ್ಣಿಗೆ ಕಾಣದ ಜಾಗಗಳಲ್ಲಿ. ಶಾಲೆ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಇವೆಲ್ಲದರ ಮೇಲೆ ಜಿಲ್ಲಾ ಪಂಚಾಯಿತಿಯ ಸ್ಥಾಯಿ ಸಮಿತಿಗಳು ಕಣ್ಣಿಡಬೇಕು. ಸದಸ್ಯರಿಲ್ಲದಿದ್ದರೆ ಸಮಿತಿ ಎಲ್ಲಿಂದ ಬರಬೇಕು? ಜಿಲ್ಲಾ ಯೋಜನಾ ಸಮಿತಿಯ ಐದನೇ ನಾಲ್ಕು ಭಾಗ ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರಸಂಸ್ಥೆಗಳ ಚುನಾಯಿತರಿಂದಲೇ ಬರಬೇಕು. ಅದೂ ಸೊರಗಿತು. ಹದಿನೈದನೇ ಹಣಕಾಸು ಆಯೋಗದ ಅನುದಾನಕ್ಕೆ ಚುನಾಯಿತ ಸಂಸ್ಥೆ ಇರಬೇಕು ಎಂಬ ಷರತ್ತಿತ್ತು. ಚುನಾವಣೆ ಇಲ್ಲ ಅಂದರೆ ಜಿಲ್ಲಾ, ತಾಲ್ಲೂಕು ಈ ಎರಡು ಹಂತಗಳ ಪಾಲಿಗೂ ಕುತ್ತು.

ಇನ್ನೊಂದು ಬಹಳ ಜನರಿಗೆ ಹೊಳೆದಿಲ್ಲ. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆ ಸೇರಿ ವಿಧಾನ ಪರಿಷತ್ತಿಗೆ ಸ್ಥಳೀಯ ಸಂಸ್ಥೆಗಳಿಂದ ಇಬ್ಬರನ್ನು ಕಳಿಸುತ್ತವೆ. 2021ರ ಡಿಸೆಂಬರಿನಲ್ಲಿ ಆ ಚುನಾವಣೆ ನಡೆದಾಗ ಮತದಾರರ ಪಟ್ಟಿಯಲ್ಲಿ ಒಬ್ಬನೇ ಒಬ್ಬ ಜಿಲ್ಲಾ ಪಂಚಾಯಿತಿ ಸದಸ್ಯ ಇರಲಿಲ್ಲ, ತಾಲ್ಲೂಕು ಪಂಚಾಯಿತಿಯವರೂ ಇರಲಿಲ್ಲ. ಇರುವುದಕ್ಕೆ ಅವರು ಎಲ್ಲಿದ್ದರು? ಒಂದು ಚುನಾವಣೆ ನಿಂತರೆ ಇನ್ನೊಂದು ಚುನಾವಣೆಯ ಬುಡವೂ ಸವೆಯುತ್ತದೆ.

ಇದೆಲ್ಲ ಹಳ್ಳಿ ಕಡೆ ಮಾತ್ರ ಅಂದುಕೊಂಡರೆ ಹುಬ್ಬಳ್ಳಿ-ಧಾರವಾಡ ನೋಡಿ. ಪಾಲಿಕೆಯ ಅವಧಿ 2019ರ ಮಾರ್ಚಿನಲ್ಲಿ ಮುಗಿಯಿತು. 67 ವಾರ್ಡು 82 ಆದವು. ಮತದಾನ ನಡೆದದ್ದು 2021ರ ಸೆಪ್ಟೆಂಬರ್ 3ರಂದು. ಗೆದ್ದವರು ಮೇಯರ್‌ನನ್ನು ಆರಿಸಿದ್ದು 2022ರ ಮೇ ಕೊನೆಯಲ್ಲಿ. ಗೆದ್ದ ಮೇಲೂ ಎಂಟು ತಿಂಗಳಿಗೂ ಹೆಚ್ಚು ಕಾಲ ಕಾರ್ಪೊರೇಟರ್‌ಗಳು ಸುಮ್ಮನೆ ಕೂತಿದ್ದರು!

ಸರಿ, ಕೇಸ್ ಹಾಕಬೇಕಾ? ನಿಮ್ಮ ಅಣ್ಣನ ಮಾತಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಾನು ವಕೀಲ ಅಲ್ಲ. ಆದರೆ ಇಂಥ ಪ್ರಕರಣಗಳ ಆರ್ಡರ್ ಶೀಟ್ ಓದುವುದೇ ನನ್ನ ಕೆಲಸದ ಒಂದು ಭಾಗ. ಯಾವ ತಾರೀಖಿಗೆ ಯಾರು ಸಮಯ ಕೇಳಿದರು ಎಂಬುದು ಅಲ್ಲಿ ಸಾಲುಸಾಲಾಗಿ ಬರೆದಿರುತ್ತದೆ. ‘ಕೋರ್ಟಿನಲ್ಲಿದೆ’ ಅನ್ನುವುದರ ಅರ್ಥ ಎಷ್ಟೋ ಸಲ ‘ಸರ್ಕಾರದ ವಕೀಲರು ಮತ್ತೆ ಸಮಯ ಕೇಳಿದ್ದಾರೆ’ ಎಂದಷ್ಟೇ.

ಅರ್ಜಿಗಳಲ್ಲಿ ಎರಡು ಜಾತಿ. ‘ಚುನಾವಣೆ ಮಾಡಿಸಿ’ ಎಂದು ಕೇಳುವುದು ಒಂದು. ‘ಈ ಗಡಿ ತಪ್ಪು, ಈ ಮೀಸಲಾತಿ ತಪ್ಪು’ ಎಂದು ಕೇಳುವುದು ಇನ್ನೊಂದು. ಎರಡನ್ನೂ ಒಂದೇ ಅರ್ಜಿಯಲ್ಲಿ ಹಾಕಿದರೆ ಕೆಲಸ ಕೆಟ್ಟಿತು. ಎರಡನೆಯದನ್ನು ಬಗೆಹರಿಸಲು ಕೋರ್ಟಿಗೆ ಸಮಯ ಬೇಕು. ಆ ಸಮಯವೇ ಸರ್ಕಾರಕ್ಕೆ ಬೇಕಾಗಿರುತ್ತದೆ.

ತಮಿಳುನಾಡಿನಲ್ಲಿ ಆದದ್ದು ಇದೇ. 2016ರ ಸೆಪ್ಟೆಂಬರಿನಲ್ಲಿ ಸ್ಥಳೀಯ ಚುನಾವಣೆಗೆ ಅಧಿಸೂಚನೆ ಬಂದಿತ್ತು. ಪರಿಶಿಷ್ಟ ಪಂಗಡದ ಮೀಸಲಾತಿ ಸರಿ ಇಲ್ಲ ಎಂದು ಪ್ರಕರಣ ಹೋಯಿತು. ಮದ್ರಾಸ್ ಹೈಕೋರ್ಟ್ ಅಧಿಸೂಚನೆಯನ್ನೇ ರದ್ದು ಮಾಡಿತು. ಹಳ್ಳಿಗಳಲ್ಲಿ ಮತ್ತೆ ಮತದಾನ ಶುರುವಾದದ್ದು 2019ರ ಡಿಸೆಂಬರಿನಲ್ಲಿ, ಅದೂ ಎಲ್ಲ ಜಿಲ್ಲೆಗಳಲ್ಲಿ ಅಲ್ಲ. ಎತ್ತಿದ ಪ್ರಶ್ನೆ ನ್ಯಾಯವಾದದ್ದೇ ಇರಬಹುದು. ಆದರೆ ಮೂರು ವರ್ಷ ಯಾರಿಗೂ ಸದಸ್ಯರಿಲ್ಲ, ಪರಿಶಿಷ್ಟ ಪಂಗಡದವರಿಗೂ ಇಲ್ಲ.

ಹಾಗಾಗಿ ಅರ್ಜಿ ಹಾಕುವುದೇ ಆದರೆ ಕೇಳುವುದು ಒಂದೇ ಇರಲಿ: ಇಂಥ ದಿನದೊಳಗೆ ಅಂತಿಮ ಮೀಸಲಾತಿ ಪಟ್ಟಿ ಕೊಡಿ, ಚುನಾವಣೆ ಮಾಡಿ. ಅಧಿಸೂಚನೆ ಹೊರಬೀಳುವ ಮೊದಲೇ ಕೇಳಬೇಕು. ಅಧಿಸೂಚನೆ ಬಂದ ಮೇಲೆ, ಚುನಾವಣೆಯ ವಿಷಯದಲ್ಲಿ ಕೋರ್ಟ್ ಕೈ ಹಾಕಬಾರದು ಎನ್ನುವ ಸಂವಿಧಾನದ 243-ಒ ವಿಧಿ ಅಡ್ಡ ಬರುತ್ತದೆ. ಆಮೇಲೆ ಏನಿದ್ದರೂ ಫಲಿತಾಂಶದ ನಂತರ ಚುನಾವಣಾ ತಕರಾರು ಅರ್ಜಿಯ ದಾರಿ. 1952ರ ಪೊನ್ನುಸ್ವಾಮಿ ತೀರ್ಪಿನಿಂದ ಸುಪ್ರೀಂ ಕೋರ್ಟ್ ಹಿಡಿದುಕೊಂಡು ಬಂದ ನಿಲುವು ಇದು.

ನಿಮಗೇ ತಾಗುವ ಅಪಾಯ ಒಂದಿದೆ. ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕುವವರಿಗೆ ಸ್ವಂತ ಲಾಭ ಇರಬಾರದು, ಇದ್ದರೆ ಹೇಳಬೇಕು. ನೀವು ನಿಲ್ಲಬೇಕೆಂದು ಓಡಾಡಿದವರು, ಊರಿಗೆಲ್ಲ ಗೊತ್ತು. ಅದನ್ನು ಮುಚ್ಚಿಟ್ಟು ಹಾಕಿದರೆ ಎದುರಿನವರು ಮೊದಲು ಅದನ್ನೇ ಎತ್ತುತ್ತಾರೆ. ಅರ್ಜಿ ಬಿದ್ದುಹೋಗಬಹುದು, ದಂಡವೂ ಬೀಳಬಹುದು. ಮತದಾರಳಾಗಿ, ಆಕಾಂಕ್ಷಿಯಾಗಿ ನಿಮ್ಮದೇ ಹೆಸರಲ್ಲಿ ಸಾಮಾನ್ಯ ರಿಟ್ ಅರ್ಜಿ ಹಾಕಬಹುದೇ ಎಂದು ವಕೀಲರನ್ನು ಕೇಳಿ. ಇದೇ ವಿಷಯ ಹೈಕೋರ್ಟಿನಲ್ಲಿ ಈಗಾಗಲೇ ಬಾಕಿ ಇದ್ದರೆ ಹೊಸ ಅರ್ಜಿಗಿಂತ ಅದರಲ್ಲಿ ಸೇರಿಕೊಳ್ಳುವುದು ಹಗುರ. ಧಾರವಾಡದ ಪೀಠ ಹಾವೇರಿಗೂ ಗದಗಕ್ಕೂ ಸೇರಿದ್ದೇ. ಬೆಂಗಳೂರಿಗೆ ಅಲೆಯುವ ಕಷ್ಟ 2008ರಿಂದ ತಪ್ಪಿದೆ.

ಗೆದ್ದರೂ ಅದು ನಿಮ್ಮ ಕಾಲಕ್ಕೆ ಸಿಗುತ್ತದೆ ಅಂತ ಹೇಳಲಾರೆ. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಗೆದ್ದು ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು 1989ರ ಏಪ್ರಿಲಿನಲ್ಲಿ ವಜಾ ಮಾಡಿದರು. ಅವರು ಕೋರ್ಟಿಗೆ ಹೋದರು. ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚಿನಲ್ಲಿ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಸದನದಲ್ಲೇ ತೀರ್ಮಾನವಾಗಬೇಕು ಎಂಬ ನಿಯಮ ದೇಶಕ್ಕೆ ಸಿಕ್ಕಿತು. ಆಮೇಲೆ ಬಂದ ಎಷ್ಟೋ ಸರ್ಕಾರಗಳನ್ನು ಆ ತೀರ್ಪು ಕಾದಿದೆ. ಬೊಮ್ಮಾಯಿಯವರಿಗೆ ಮಾತ್ರ ಹೋದ ಕುರ್ಚಿ ತಿರುಗಿ ಬರಲಿಲ್ಲ.

ಕೋರ್ಟಿಗಿಂತ ಅಗ್ಗದ ದಾರಿಗಳೂ ಇವೆ. ಮಾಹಿತಿ ಹಕ್ಕಿನಡಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೂ ಚುನಾವಣಾ ಆಯೋಗಕ್ಕೂ ಬೇರೆ ಬೇರೆ ಅರ್ಜಿ ಹಾಕಿ. ಮೀಸಲಾತಿ ಪಟ್ಟಿ ಬಗ್ಗೆ ಅವರಿಬ್ಬರ ನಡುವೆ ಓಡಾಡಿದ ಪತ್ರಗಳ ಪ್ರತಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದಕ್ಕೆ ಒಂದೇ ವಿಷಯ. ಇದು ಗೊತ್ತಿಲ್ಲದೆ ಎಷ್ಟೋ ಅರ್ಜಿ ವಾಪಸ್ ಬರುತ್ತವೆ. ‘ಯಾಕೆ ತಡ’ ಅಂತ ಕೇಳಬೇಡಿ. ಕಾರಣ ಹೇಳುವ ಹೊಣೆ ಅವರಿಗಿಲ್ಲ, ಕಾಗದ ಕೊಡುವ ಹೊಣೆ ಇದೆ.

ಹೊಸ ಕರಡು ಪಟ್ಟಿ ಬಂದಾಗ ಆಕ್ಷೇಪಣೆಗೆ ಕೊಡುವ ದಿನಗಳು ಬಹಳ ಕಡಿಮೆ. ಆ ದಿನಗಳಲ್ಲಿ ಬರೆದು ಕೊಟ್ಟು ಸ್ವೀಕೃತಿ ಇಟ್ಟುಕೊಂಡವರ ಮಾತಿಗೆ ಮುಂದೆ ಕೋರ್ಟಿನಲ್ಲೂ ತೂಕ ಇರುತ್ತದೆ. ಆಗ ಸುಮ್ಮನಿದ್ದು ಆಮೇಲೆ ಬಂದರೆ ‘ಅವತ್ತು ಎಲ್ಲಿದ್ರಿ’ ಎಂಬ ಪ್ರಶ್ನೆ ಬರುತ್ತದೆ.

ಗ್ರಾಮ ಪಂಚಾಯಿತಿಯ ಬಗ್ಗೆಯೂ ಯೋಚಿಸಿ ಅಂತ ನನ್ನ ಸಲಹೆ. ಅದು ಚಿಕ್ಕದು ಅನ್ನಿಸಬಹುದು. ಆದರೆ ದುಡ್ಡು, ಗ್ರಾಮಸಭೆ, ಉದ್ಯೋಗ ಖಾತ್ರಿ ಎಲ್ಲ ಅಲ್ಲೇ ಜಾಸ್ತಿ. ನಿಮ್ಮ ಸಂಘದ ಹೆಂಗಸರ ಕೆಲಸಗಳೂ ಅಲ್ಲೇ ಇವೆ.

ಅಣ್ಣ ಧಾರವಾಡಕ್ಕೆ ಹೋಗುವುದಾದರೆ ಬರಿಗೈಲಿ ಹೋಗುವುದು ಬೇಡ. ಮಾಹಿತಿ ಹಕ್ಕಿನ ಉತ್ತರ, ನಿಮ್ಮ ಕ್ಷೇತ್ರದ ಪುನರ್ವಿಂಗಡಣೆಯ ಅಧಿಸೂಚನೆಯ ಪ್ರತಿ, ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿರುವ ಪುಟ, ಈ ಮೂರನ್ನು ತೆಗೆದುಕೊಂಡು ಹೋಗಲಿ. ವಕೀಲರ ಫೀ, ಪ್ರತಿ ತಾರೀಖಿನ ಖರ್ಚು ಎಷ್ಟು ಅಂತ ಮೊದಲ ದಿನವೇ ಬರೆಸಿಕೊಳ್ಳಲಿ. ಸಂಘದ ದುಡ್ಡನ್ನು ಮಾತ್ರ ಇದಕ್ಕೆ ಮುಟ್ಟಬೇಡಿ.